ಅನುರಾಧ ಮಳೆಗೆ ಟೈಮ್ ಹೇಳಲು ಹೋಗಿ

ನಮ್ಮ ಹಜಾರದಲ್ಲಿ ಈಗ ಕಾಲಿಡಲು ಜಾಗವಿಲ್ಲ. ಸೋಫಾ ಹೊರಗೆ ಹೋಗಿದೆ, ಭತ್ತ ಒಳಗೆ ಬಂದಿದೆ. ಐದು ದಿನದಿಂದ ಮೂರು ಫ್ಯಾನು ಹಗಲೂ ರಾತ್ರಿ ತಿರುಗುತ್ತಿವೆ. ಇವತ್ತು 2024ರ ಡಿಸೆಂಬರ್ 6. ಫೆಂಗಲ್ ಚಂಡಮಾರುತದ ಮಳೆ ಮುಗಿದು ಬೆಳಿಗ್ಗೆಯಿಂದ ಬಿಸಿಲಿದೆ, ನನಗೂ ಸ್ವಲ್ಪ ಉಸಿರು ಬಂದಿದೆ. ಮುಂದಿನ ಚಂಡಮಾರುತಕ್ಕೆ ನಿಮ್ಮ ಮನೆಯಲ್ಲೂ ಯಾರಾದರೂ "ಮಳೆ ಬರುತ್ತಾ, ಫೋನ್ ನೋಡಿ ಹೇಳು" ಎನ್ನುತ್ತಾರೆ, ಅಲ್ವಾ? ಅದಕ್ಕೇ ನೆನಪಿರುವಾಗಲೇ ಬರೆದುಬಿಡುತ್ತಿದ್ದೇನೆ.

ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಸೊಸೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹವಾಮಾನಕ್ಕೂ ನನಗೂ ಇರುವ ಸಂಬಂಧ ಅಷ್ಟೇ, ಒಂಬತ್ತನೇ ತರಗತಿಯ ಪಾಠ. ನವೆಂಬರ್ 25, ಸೋಮವಾರ ಸಂಜೆ ಟಿವಿಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಬಂತು. ಮಾವ ಸೌಂಡ್ ಕಮ್ಮಿ ಮಾಡಿ ನನ್ನ ಕಡೆ ತಿರುಗಿದರು.

"ನೀನು ಓದ್ಕಂಡಿರೋಳು ಕಣವ್ವ. ನಮ್ಮೂರ್ಗೆ ಬತ್ತದಾ, ಬರಕಿಲ್ವಾ? ಅಷ್ಟೇ ಹೇಳು."

ಅಷ್ಟೇ ಅಂತೆ! ನಾಲೆ ಬಯಲಲ್ಲಿ ಎರಡು ಎಕರೆ ಭತ್ತ ಬಾಗಿ ನಿಂತಿತ್ತು. ಮೇಲಿನ ಹೊಲದಲ್ಲಿ ಒಂದು ಎಕರೆ ರಾಗಿ ಇತ್ತು. ಹಿಂದಿನ ವರ್ಷ, 2023ರಲ್ಲಿ, ಕೆಆರ್‌ಎಸ್ ತುಂಬದೆ ಬರ ಬಿದ್ದಿತ್ತು. ಈ ವರ್ಷ ಜುಲೈನಲ್ಲೇ ಕಟ್ಟೆ ತುಂಬಿ, ನಾಲೆಗೆ ನೀರು ಬಿಟ್ಟು, ಆಗಸ್ಟ್‌ನಲ್ಲಿ ನಾಟಿ ಆಗಿತ್ತು. ಗದ್ದೆ ಒಣಗಲೆಂದು ನೀರು ನಿಲ್ಲಿಸಿ ಹತ್ತು ದಿನ ಆಗಿತ್ತು. ಈಗ ಮಳೆ ಬಂದರೆ ಪೈರು ಮಲಗುತ್ತದೆ, ಗದ್ದೆ ಕೆಸರಾಗುತ್ತದೆ, ಕಟಾವು ಮಿಷನ್ ಇಳಿಯುವುದಿಲ್ಲ. ಎರಡು ವರ್ಷದ ದುಡಿಮೆ ನನ್ನ ಒಂದು ಮಾತಿನ ಮೇಲೆ ನಿಂತಂತೆ ಅನ್ನಿಸಿ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೊದಲು ಫೋನಿನಲ್ಲಿ ವಿಂಡಿ ಎಂಬ ಹವಾಮಾನದ ಆ್ಯಪ್ ಹಾಕಿಕೊಂಡೆ. ದುಡ್ಡು ಕಟ್ಟಬೇಕಿಲ್ಲ. ನಮ್ಮೂರಿನ ಮೇಲೆ ಬೆರಳಿಟ್ಟರೆ ಮೂರು ಮೂರು ಗಂಟೆಗೆ ಎಷ್ಟು ಮಳೆ ಎಂದು ಬರುತ್ತದೆ. ಅದರಲ್ಲಿ ಅಮೆರಿಕದ ಜಿಎಫ್‌ಎಸ್ ಮಾಡೆಲ್ ಇದೆ, ಯುರೋಪಿನ ಇಸಿಎಂಡಬ್ಲ್ಯುಎಫ್ ಇದೆ. ಮಾಡೆಲ್ ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಮುನ್ಸೂಚನೆ. ಎರಡನ್ನೂ ತೆಗೆದು ನೋಡಿದೆ. ಒಂದು ನಮ್ಮೂರಿಗೆ ಭಾರಿ ಮಳೆ ಎಂದಿತು, ಇನ್ನೊಂದು ತುಂತುರು ಎಂದಿತು. ಮಂಗಳವಾರ ಬೆಳಿಗ್ಗೆ ನೋಡಿದರೆ ಎರಡೂ ಮಾತು ಬದಲಿಸಿದ್ದವು. ನಾನು ಗಂಟೆಗೊಮ್ಮೆ ನೋಡುತ್ತಿದ್ದೆ, ಸ್ಟಾಫ್ ರೂಮಿನಲ್ಲೂ, ಅಡುಗೆ ಮನೆಯಲ್ಲೂ. ಆಮೇಲೆ ಗೊತ್ತಾಯಿತು, ಅದು ಸುಮ್ನೆ ಕಣ್ಣು ನೋವು. ಯುರೋಪಿನ ಮಾಡೆಲ್‌ನ ದೊಡ್ಡ ಲೆಕ್ಕ ದಿನಕ್ಕೆ ಎರಡು ಸಲ ಹೊಸದಾಗುತ್ತದೆ. ನಮ್ಮ ಗಡಿಯಾರದಲ್ಲಿ ಸುಮಾರು ಮಧ್ಯಾಹ್ನ ಊಟದ ಹೊತ್ತಿಗೆ ಒಂದು, ಮಧ್ಯರಾತ್ರಿ ದಾಟಿದ ಮೇಲೆ ಒಂದು. ಬೆಳಿಗ್ಗೆ ಎದ್ದಾಗ ಒಮ್ಮೆ, ಮಧ್ಯಾಹ್ನ ಒಂದೂವರೆಗೆ ಒಮ್ಮೆ ನೋಡಿದರೆ ಸಾಕು. ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಲ್ಕು ಸಲ ಒಂದೇ ಉತ್ತರ ಬಂತು ಅಂದರೆ ಅದಕ್ಕೆ ತೂಕ ಇದೆ. ನಾನು ಬರೆದಿಟ್ಟಿದ್ದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ.

ಮಂಗಳವಾರ ಮತ್ತು ಶುಕ್ರವಾರ ಕೃಷಿ ಹವಾಮಾನ ಸಲಹೆ ಬರುತ್ತದೆ, ಮುಂದಿನ ಐದು ದಿನದ್ದು. ನಮ್ಮ ಕಡೆಗೆ ಮೈಸೂರಿನ ನಾಗನಹಳ್ಳಿ ಕೇಂದ್ರದಿಂದ ಬರುತ್ತದೆ. ಮೇಘದೂತ್ ಆ್ಯಪ್‌ನಲ್ಲೂ ಸಿಗುತ್ತದೆ, ಕನ್ನಡದಲ್ಲೇ. ಬೆಳೆಗೆ ಏನು ಮಾಡಬೇಕು ಎಂದೂ ಅದರಲ್ಲಿ ಹೇಳಿರುತ್ತಾರೆ, ಟಿವಿಯವರು ಅದನ್ನು ಹೇಳುವುದಿಲ್ಲ. ಆದರೆ ಜಿಲ್ಲೆಗೆಲ್ಲ ಸೇರಿಸಿ ಒಂದೇ ಅಂಕಿ ಬಂದಾಗ ಸ್ವಲ್ಪ ಯೋಚನೆ ಮಾಡಬೇಕು. ಮಳವಳ್ಳಿಯಲ್ಲಿ ಬಿದ್ದ ಮಳೆ ಕೆ.ಆರ್. ಪೇಟೆಯಲ್ಲಿ ಬೀಳಬೇಕು ಎಂದೇನಿಲ್ಲ, ಜಿಲ್ಲೆ ಒಂದೇ ಆದರೂ.

ಬುಧವಾರ, ಗುರುವಾರ ಬರೀ ಕಾಯುವುದೇ ಆಯಿತು. ಆ ಕುಸಿತ ಶ್ರೀಲಂಕಾದ ಪಕ್ಕದಲ್ಲಿ ಆಮೆಯಂತೆ ತೆವಳುತ್ತಿತ್ತು. ಟಿವಿಯಲ್ಲಿ ಕೆಂಪು ಅಕ್ಷರ, ಸೈರನ್ ಶಬ್ದ. ನಮ್ಮ ತಲೆ ಮೇಲೆ ನೀಲಿ ಆಕಾಶ. ಹಾಲಿನ ಡೈರಿ ಹತ್ತಿರ ನನ್ನನ್ನು ಕಂಡರೆ "ಏನ್ ಮೇಡಮ್, ಎಲ್ಲಿಗೆ ಬಂತು ನಿಮ್ ಮಳೆ?" ಎನ್ನುವುದು ಶುರುವಾಯಿತು. ಅಷ್ಟರಲ್ಲಿ "ನಿಮ್ ಮಳೆ" ಆಗಿಬಿಟ್ಟಿತ್ತು ಅದು.

ಗುರುವಾರ ನಾನೊಂದು ಎಡವಟ್ಟು ಮಾಡಿಕೊಂಡೆ. ನನ್ನ ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದೆ ಎಂದು ತಿಳಿದು ಒಂದು ಆ್ಯಪ್ ಹಾಕಿ ನೋಡಿದೆ. 935 ಮಿಲಿಬಾರ್ ಆಸುಪಾಸು ತೋರಿಸಿತು. ಎದೆ ಧಸಕ್ ಎಂದಿತು. ಸಮುದ್ರದ ಮಧ್ಯೆ ಕುಸಿತ ಇರುವ ಕಡೆಯೇ 1,000ದ ಹತ್ತಿರ, ನಮ್ಮ ಹಜಾರದಲ್ಲಿ 935! ಚಂಡಮಾರುತ ನಮ್ಮ ಮನೆಯಲ್ಲೇ ಇದೆಯಾ? ಆಮೇಲೆ ನನ್ನದೇ ಪಾಠ ನೆನಪಾಗಿ ನಗು ಬಂತು. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ. ಮೇಲೆ ಹೋದಷ್ಟೂ ಒತ್ತಡ ಕಮ್ಮಿ. ಸುದ್ದಿಯಲ್ಲಿ ಹೇಳುವುದು ಸಮುದ್ರ ಮಟ್ಟಕ್ಕೆ ಇಳಿಸಿದ ಲೆಕ್ಕ.

ಅಷ್ಟಕ್ಕೇ ಬುದ್ಧಿ ಬರಲಿಲ್ಲ. ಮಧ್ಯಾಹ್ನ ನೋಡನೋಡುತ್ತಿದ್ದಂತೆ ಅಂಕಿ ಇಳಿಯತೊಡಗಿತು. ನಾಲ್ಕು ಗಂಟೆಗೆ ಬೆಳಗಿನದಕ್ಕಿಂತ ಎರಡು ಮೂರು ಅಂಕಿ ಕೆಳಗೆ. ನಾನು ಓಡಿಹೋಗಿ ಮಾವನಿಗೆ "ಒತ್ತಡ ಬೀಳ್ತಿದೆ ಮಾವ, ಬಂತು" ಎಂದುಬಿಟ್ಟೆ. ಅವರು ಪಕ್ಕದವರಿಗೆ ಹೇಳಿದರು, ಅವರು ಬೀದಿಗೆಲ್ಲ ಹೇಳಿದರು. ರಾತ್ರಿ ಹತ್ತಕ್ಕೆ ನೋಡಿದರೆ ಅಂಕಿ ಮತ್ತೆ ಮೇಲೆ! ನಮ್ಮಂಥ ಉಷ್ಣವಲಯದಲ್ಲಿ ಇದು ದಿನಾ ನಡೆಯುವ ಆಟ. ಬೆಳಿಗ್ಗೆ ಹತ್ತಕ್ಕೆ, ರಾತ್ರಿ ಹತ್ತಕ್ಕೆ ಒತ್ತಡ ಏರುತ್ತದೆ. ಸಂಜೆ ನಾಲ್ಕಕ್ಕೆ, ಬೆಳಗಿನ ಜಾವ ನಾಲ್ಕಕ್ಕೆ ಇಳಿಯುತ್ತದೆ. ಹಾಗಾಗಿ ನೋಡುವುದಾದರೆ ನಿನ್ನೆಯ ನಾಲ್ಕು ಗಂಟೆಗೂ ಇವತ್ತಿನ ನಾಲ್ಕು ಗಂಟೆಗೂ ಹೋಲಿಸಿ. ಬೆಳಿಗ್ಗೆಗೂ ಸಂಜೆಗೂ ಹೋಲಿಸಿದರೆ ನನ್ನ ಹಾಗೆ ಬೀದಿಯವರ ಬಾಯಿಗೆ ಬೀಳುತ್ತೀರಿ.

ಗಾಳಿಯದು ಮಾತ್ರ ಮೋಸ ಮಾಡಲಿಲ್ಲ. ನಮ್ಮ ಅರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಮ್ಮಿ ಒತ್ತಡದ ಜಾಗ ಎಡಗೈ ಕಡೆ ಇರುತ್ತದೆ. ಬೈಸ್ ಬ್ಯಾಲಟ್ ಎಂಬ ಡಚ್ ವಿಜ್ಞಾನಿ 19ನೇ ಶತಮಾನದಲ್ಲಿ ಹೇಳಿದ ಸೂತ್ರ ಇದು. ಶುಕ್ರವಾರ ಬೆಳಿಗ್ಗೆ ತಾರಸಿ ಮೇಲೆ ನಿಂತು ನೋಡಿದೆ. ಬಡಗಲಿಂದ ತಣ್ಣಗೆ ಬೀಸುತ್ತಿತ್ತು. ಬೆನ್ನು ಕೊಟ್ಟರೆ ಎಡಗೈ ಮೂಡಲಿಗೆ, ಅಂದರೆ ನೇರ ಬಂಗಾಳ ಕೊಲ್ಲಿಗೆ. ಮಾವ ಕೆಳಗಿನಿಂದಲೇ, "ಅದ್ಕೆ ತಾರಸಿ ಯಾಕವ್ವ ಹತ್ಬೇಕು, ಬಡಗ್ಲು ಗಾಳಿ ಅಂತ ದನಗಳ್ ನೋಡುದ್ರೇ ಗೊತ್ತಾಯ್ತದೆ" ಎಂದರು. ಅವರ ಲೆಕ್ಕವೇ ಬೇರೆ, ಮಳೆ ನಕ್ಷತ್ರಗಳದ್ದು. ನವೆಂಬರ್ ಮೂರನೇ ವಾರದಿಂದ ಡಿಸೆಂಬರ್ ಮೊದಲ ದಿನಗಳವರೆಗೆ ಅನುರಾಧ ಮಳೆ, ಆಮೇಲೆ ಜ್ಯೇಷ್ಠ. "ಅನುರಾಧ ಬಂದ್ರೆ ಸೋನೆ ಹಿಡ್ಕತದೆ, ಹುಯ್ಯಕಿಲ್ಲ, ಬುಡಕಿಲ್ಲ." ಅದನ್ನು ನಾನು ಅವತ್ತು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆ ಹಾಕಿಕೊಳ್ಳಬೇಕಿತ್ತು ಎಂಬುದು ಮುಂದೆ ಬರುತ್ತದೆ.

ಶುಕ್ರವಾರ, 29ನೇ ತಾರೀಕು, ಇನ್ನೊಂದು ಗೊಂದಲ. ಬೆಳಿಗ್ಗೆ ಸುದ್ದಿ: ಇದು ಚಂಡಮಾರುತ ಆಗುವುದಿಲ್ಲ, ಬರೀ ತೀವ್ರ ಕುಸಿತವಾಗಿಯೇ ದಡ ಮುಟ್ಟುತ್ತದೆ. ಊರಿನವರೆಲ್ಲ ನಿರಾಳ. ಮಧ್ಯಾಹ್ನ ಸುದ್ದಿ: ಚಂಡಮಾರುತ ಆಯಿತು, ಹೆಸರೂ ಬಂತು. ಸೌದಿ ಅರೇಬಿಯಾ ಕೊಟ್ಟ ಹೆಸರು. ಒಂದು ಪೇಪರಿನಲ್ಲಿ ಫೆಂಗಲ್, ಇನ್ನೊಂದರಲ್ಲಿ ಫೆಂಜಲ್. ಮಾವನ ಬಾಯಲ್ಲಿ "ಪೆಂಗಲ". ಮತ್ತೆ ಎಲ್ಲರಿಗೂ ಗಾಬರಿ.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಗಾಳಿ ಗಂಟೆಗೆ ಸುಮಾರು 62 ಕಿ.ಮೀ. ದಾಟಿದರೆ ಚಂಡಮಾರುತ, ಅದಕ್ಕಿಂತ ಕಮ್ಮಿ ಇದ್ದರೆ ಕುಸಿತ. ಆ ಗೆರೆ ಮೀನುಗಾರರಿಗೆ, ಪುದುಚೇರಿಯವರಿಗೆ ದೊಡ್ಡದು. ನಾವು ಅಲ್ಲಿಂದ 300 ಕಿ.ಮೀ.ಗೂ ದೂರ, ಪ್ರಸ್ಥಭೂಮಿಯ ಮೇಲೆ. ನಮ್ಮ ತನಕ ಆ ಗಾಳಿ ಬರುವುದೇ ಇಲ್ಲ. ದಡ ಹತ್ತಿ, ಬಲ ಕಳೆದುಕೊಂಡು, ಹೆಸರೂ ಕಳೆದುಕೊಂಡು ಪಡುವಲಿಗೆ ಬರುತ್ತದಲ್ಲ, ಆ ಸತ್ತ ಚಂಡಮಾರುತ ನಮಗೆ ಮಳೆ ತರುತ್ತದೆ. ಟಿವಿಯವರು "ದುರ್ಬಲಗೊಂಡಿದೆ" ಎಂದು ಸುದ್ದಿ ನಿಲ್ಲಿಸುವ ಹೊತ್ತಿಗೆ ನಮ್ಮದು ಶುರು. ಹಾಗಾಗಿ ಅದು ಏನಾಯಿತು ಎನ್ನುವುದನ್ನು ಬಿಟ್ಟು, ದಡ ಮುಟ್ಟಿದ ಮೇಲೆ ಯಾವ ದಾರಿ ಹಿಡಿಯುತ್ತದೆ, ಎಷ್ಟು ನಿಧಾನ ಎನ್ನುವುದನ್ನು ನೋಡತೊಡಗಿದೆ.

ವರುಣಮಿತ್ರಕ್ಕೂ ಫೋನ್ ಮಾಡಿದೆ. ಅದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಹಾಯವಾಣಿ, ಹಗಲೂ ರಾತ್ರಿ ಇರುತ್ತದೆ. ಊರು, ಹೋಬಳಿ, ತಾಲ್ಲೂಕು ಹೇಳಿದರೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಕೇಳುವಾಗ "ಮಳೆ ಬರುತ್ತಾ" ಎಂದು ಕೇಳಬೇಡಿ. "ಕುಯ್ಲು ಇದೆ, ಎಷ್ಟು ದಿನ ಒಣ ಸಿಗುತ್ತೆ" ಎಂದು ಕೇಳಿ. ನಾನು ಮೊದಲನೇ ಸಲ ಕೇಳಿದಾಗಿನ ಉತ್ತರಕ್ಕೂ ಹೀಗೆ ಕೇಳಿದಾಗಿನ ಉತ್ತರಕ್ಕೂ ತುಂಬಾ ವ್ಯತ್ಯಾಸ ಇತ್ತು.

ಅವತ್ತು ಸಂಜೆ ಡೈರಿ ಹತ್ತಿರ ಕ್ಯಾನು ಹಿಡಿದು ನಿಂತವರ ಮುಂದೆ ನನ್ನ ತೀರ್ಮಾನ ಹೇಳಿದೆ. ಶನಿವಾರ ಪೂರ್ತಿ ಒಣ. ಭಾನುವಾರ ಮಧ್ಯಾಹ್ನದ ಮೇಲೆ ಹನಿ. ಸೋಮವಾರ, ಮಂಗಳವಾರ ಹಿಡಿದುಕೊಳ್ಳುತ್ತದೆ. ಭತ್ತ ಇದ್ದವರು ಶನಿವಾರವೇ ಕುಯ್ಯಿರಿ. ರಾಗಿ ಕುಯ್ಯದೆ ಇದ್ದವರು ಕುಯ್ಯಬೇಡಿ. ನಿಂತ ರಾಗಿ ನೆನೆದರೂ ಆಮೇಲೆ ಒಣಗುತ್ತದೆ, ಕುಯ್ದು ಮಲಗಿಸಿದ್ದು ನೆಲದಲ್ಲೇ ಮೊಳಕೆ ಒಡೆಯುತ್ತದೆ. ಹೇಳುವಾಗ ಗಂಟಲು ಒಣಗಿತ್ತು. ಪಕ್ಕದ ಹೊಲದ ದೊಡ್ಡವ್ವ ಕೇಳಿದರು: "ನಂದು ಕುಯ್ದು ಅರಿ ಹಾಕ್ಬುಟ್ಟಿವ್ನಿ ಕಣವ್ವ. ಕಂತೆ ಕಟ್ಟಕ್ಕೆ ಭಾನ್ವಾರ ಬೆಳಿಗ್ಗೆ ಆಳು ಬತ್ತಾವೆ. ಪರ್ವಾಗಿಲ್ವಾ?"

"ಮಧ್ಯಾಹ್ನದ ತನಕ ಟೈಮ್ ಇದೆ ದೊಡ್ಡವ್ವ" ಎಂದೆ.

ಶನಿವಾರ ನಮ್ಮ ಮನೆಯಲ್ಲಿ ಬೇರೆಯದೇ ತಾಪತ್ರಯ. ಬೆಳಿಗ್ಗೆ ಹತ್ತೂವರೆಗೆ ಅಮಾವಾಸ್ಯೆ ಹಿಡಿಯುತ್ತಿತ್ತು, ಭಾನುವಾರ ಮಧ್ಯಾಹ್ನದವರೆಗೆ. ಅಮಾವಾಸ್ಯೆಯಲ್ಲಿ ಪೈರಿಗೆ ಕುಡ್ಲು ಹಾಕುವುದಿಲ್ಲ ಎಂದು ಮಾವ ಕೂತುಬಿಟ್ಟರು. ಮಿಷನ್‌ನವನು ಎಂಟಕ್ಕೆ ಬರುತ್ತೇನೆ ಎಂದವನು ಪತ್ತೆ ಇಲ್ಲ. ಇದನ್ನು ಯಾವ ಆ್ಯಪ್ ಹೇಳುತ್ತದೆ? ಕೊನೆಗೆ ಅತ್ತೆ ಬಗೆಹರಿಸಿದರು. ಒಂಬತ್ತೂವರೆಗೆ ಅರಿಶಿನ ಕುಂಕುಮ ಹಿಡಿದು ಗದ್ದೆಗೆ ಹೋಗಿ, ಪೂಜೆ ಮಾಡಿ, ಒಂದು ಹಿಡಿ ಭತ್ತ ಕುಯ್ದು ಮಡಿಲಿಗೆ ಹಾಕಿಕೊಂಡು ಬಂದರು. "ಕುಯ್ಲು ಅಮಾಸೆಗೆ ಮುಂಚೇನೇ ಸುರುವಾಯ್ತು. ಮಿಕ್ಕಿದ್ದು ಮಿಷನ್ ಕುಯ್ತದೆ, ಕುಡ್ಲು ಯಾರು ಹಾಕುದ್ರು?" ಮಾವ ಮಾತಾಡಲಿಲ್ಲ.

ಮಿಷನ್ ಬಂದಿದ್ದು ಸಂಜೆ ನಾಲ್ಕೂವರೆಗೆ. ಚೈನ್ ಮಿಷನ್ನು, ಸೇಲಂ ಕಡೆಯದು. ಡ್ರೈವರ್ ಹುಡುಗನಿಗೆ ಊರಿಂದ ಫೋನ್ ಮೇಲೆ ಫೋನ್. ಅಲ್ಲಿ ಮಳೆ ಶುರುವಾಗಿ ಮನೆಯವರು ಹೆದರಿದ್ದರು. ಗಂಟೆಗೆ 2,800 ರೂಪಾಯಿ ಮಾತಾಗಿತ್ತು. ಎರಡೂಕಾಲು ಗಂಟೆಗೆ 6,300 ಆಯಿತು. ಕೊನೆಯ ಅರ್ಧ ಎಕರೆ ಲೈಟ್ ಹಾಕಿಕೊಂಡು ಕುಯ್ದಿದ್ದು, ಮಂಜು ಬಿದ್ದು ಹುಲ್ಲು ಸಿಕ್ಕಿಕೊಳ್ಳುವ ಮೊದಲೇ ಮುಗಿಯಿತು. ಎರಡು ಟಾರ್ಪಾಲು ಕೊಂಡೆವು, ವಾರದ ಹಿಂದೆ ಕೇಳಿದ್ದಕ್ಕಿಂತ ತಲಾ 300 ಜಾಸ್ತಿ ಕೊಟ್ಟು. ಮಳೆ ಸುದ್ದಿ ಬಂದ ದಿನವೇ ಟಾರ್ಪಾಲು ಕೊಂಡುಬಿಡಿ. ಮಳೆ ಬರದಿದ್ದರೂ ಅದು ಹಾಳಾಗುವ ವಸ್ತುವಲ್ಲ. ಅದೇ ಸಂಜೆ ಚಂಡಮಾರುತ ಪುದುಚೇರಿ ಹತ್ತಿರ ದಡ ಹತ್ತಿತು. ನಾವು ಟ್ರ್ಯಾಕ್ಟರಿನಿಂದ ಭತ್ತ ಇಳಿಸುತ್ತಿದ್ದೆವು, ಸುದ್ದಿ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ಎಚ್ಚರವಾಯಿತು. ಕಿಟಕಿಯ ಹೊರಗೆ ಶಬ್ದವೇನೂ ಇಲ್ಲ. ಬಾಗಿಲು ತೆಗೆದು ಕೈ ಚಾಚಿದೆ. ಕೈ ಒದ್ದೆಯಾಯಿತು.

ಸೋನೆ. ಹಿಟ್ಟು ಜರಡಿ ಹಿಡಿದಂತೆ ಬೀಳುತ್ತಿತ್ತು. ಓಡಿಹೋಗಿ ನೋಟ್‌ಬುಕ್ ತೆಗೆದೆ. ಶುಕ್ರವಾರ ನಾನೇ ಬರೆದಿದ್ದೆ: ಭಾನುವಾರ ಬೆಳಿಗ್ಗೆ 0.3 ಮಿ.ಮೀ., ಆಮೇಲೆ 0.4. ಒಂದು ಮಿಲಿಮೀಟರಿಗಿಂತ ಕಮ್ಮಿ ಇದ್ದಿದ್ದನ್ನೆಲ್ಲ ಸೊನ್ನೆ ಎಂದು ಹೊಡೆದು ಹಾಕಿದ್ದೆ. ಮಾಡೆಲ್ ಸರಿಯಾಗೇ ಹೇಳಿತ್ತು, ಮಾವನೂ ಸರಿಯಾಗೇ ಹೇಳಿದ್ದರು. ಓದಿದವಳು ನಾನು ತಪ್ಪು ಓದಿದ್ದೆ. ಕುಯ್ದ ರಾಗಿಗೆ ಒಂದು ಗಂಟೆ ದಪ್ಪ ಮಳೆ ಬಂದು ಮಾರನೇ ದಿನ ಬಿಸಿಲು ಬಂದರೆ ತಡೆದುಕೊಳ್ಳಬಹುದು. ಬಿಸಿಲಿಲ್ಲದೆ ಮೂರು ದಿನ ಸೋನೆ ಹಿಡಿದರೆ ಕಷ್ಟ. ಕುಯ್ಲಿಗೆ ಮುಂಚೆ ಮಿಲಿಮೀಟರ್ ಒಂದೇ ನೋಡಬೇಡಿ. ಮೋಡ ಎಷ್ಟು, ಗಾಳಿಯಲ್ಲಿ ತೇವ ಎಷ್ಟು, ಬಿಸಿಲು ಎಷ್ಟು ಗಂಟೆ ಎನ್ನುವುದನ್ನೂ ನೋಡಿ. ಮೋಡ, ತೇವ ಎಲ್ಲ ಅದೇ ಆ್ಯಪ್‌ನಲ್ಲಿ ಸಿಗುತ್ತವೆ.

ದೊಡ್ಡವ್ವನ ಹೊಲಕ್ಕೆ ಹೋದಾಗ ಅವರು ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ಕೂತಿದ್ದರು. ಆಳುಗಳು ಬಂದು ವಾಪಸ್ ಹೋಗಿದ್ದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. "ನೀನೇನ್ ಮಾಡ್ತೀಯವ್ವ, ಮೇಲಿರೋನ್ ಕೈಲದೆ" ಎಂದು ನನಗೇ ಸಮಾಧಾನ ಹೇಳಿದರು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಪುದುಚೇರಿಯಲ್ಲಿ ಒಂದೇ ದಿನ 45 ಸೆಂ.ಮೀ. ದಾಟಿತು. ಸೋಮವಾರ ಬೆಳಿಗ್ಗೆಯ ಲೆಕ್ಕದಲ್ಲಿ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈನಲ್ಲಿ 50 ಸೆಂ.ಮೀ. ಚೆನ್ನೈ ರಾಡಾರಿನ ಕಣ್ಣು ನಮ್ಮ ತನಕ ಚೆನ್ನಾಗಿ ಮುಟ್ಟುವುದಿಲ್ಲ. ಹಾಗಾಗಿ ನಾನು ಮೂಡಲ ಊರುಗಳನ್ನು ಕಾಯುತ್ತಿದ್ದೆ. ಕೃಷ್ಣಗಿರಿ, ಹೊಸೂರು, ಕನಕಪುರ, ಮಳವಳ್ಳಿ. ಅಲ್ಲಿರುವ ನೆಂಟರಿಗೆ ಒಂದೊಂದು ಫೋನ್, "ಹೆಂಗಿದೆ ಅಲ್ಲಿ?" ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆ ಮಾಪಕ ಇವೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅದೂ ಉಪಯೋಗಕ್ಕೆ ಬಂತು. ಸೋಮವಾರ, ಮಂಗಳವಾರ ನಾನು ಹೇಳಿದ ಹಾಗೇ ಹಿಡಿದುಕೊಂಡಿತು. ಬಯಲಲ್ಲಿ ಕುಯ್ಯದೆ ಉಳಿದಿದ್ದ ಭತ್ತ ಚಾಪೆ ಹಾಸಿದಂತೆ ಮಲಗಿತು. ಡೈರಿಯಲ್ಲಿ ಜನ ಹೊಗಳಿದರು. ಹೊಗಳಿಕೆ ಕೇಳಲು ಮನಸ್ಸೇ ಇರಲಿಲ್ಲ.

ನಮ್ಮ ಭತ್ತಕ್ಕೂ ಕಷ್ಟ ತಪ್ಪಲಿಲ್ಲ. ವ್ಯಾಪಾರಿ ಮೀಟರ್ ಇಟ್ಟು ತೇವ ಶೇ. 22 ಎಂದ. ಸರ್ಕಾರಿ ಖರೀದಿಗೆ 17ಕ್ಕಿಂತ ಜಾಸ್ತಿ ಇರುವಂತಿಲ್ಲ. ಬೆಂಬಲ ಬೆಲೆ 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,300 ಇತ್ತು, ಅವನು ಕೇಳಿದ್ದು 1,900ಕ್ಕೆ. ಅದಕ್ಕೇ ಹಜಾರದಲ್ಲಿ ಫ್ಯಾನು.

ದೊಡ್ಡವ್ವ ಪುಣ್ಯಕ್ಕೆ ರಾಗಿಗೆ ವಿಮೆ ಕಟ್ಟಿದ್ದರು. ಇದು ಬಹಳ ಜನಕ್ಕೆ ಗೊತ್ತಿಲ್ಲ: ಕುಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ 14 ದಿನದೊಳಗೆ ಚಂಡಮಾರುತಕ್ಕೋ ಅಕಾಲ ಮಳೆಗೋ ಹಾಳಾದರೆ ಫಸಲ್ ಬಿಮಾದಲ್ಲಿ ಪರಿಹಾರಕ್ಕೆ ಅವಕಾಶ ಇದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಸೋಮವಾರ ಅರ್ಧ ದಿನ ರಜೆ ಹಾಕಿ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ, ಇಬ್ಬರೂ ನೆನೆದುಕೊಂಡು. ಪಹಣಿ, ಆಧಾರ್, ಪಾಸ್‌ಬುಕ್, ವಿಮೆ ಕಟ್ಟಿದ ರಸೀದಿ, ಎಫ್‌ಐಡಿ ನಂಬರ್ (ರೈತರ ಗುರುತಿನ ಸಂಖ್ಯೆ), ಹೊಲದ ಫೋಟೊ. ರಸೀದಿ ಹುಡುಕಲೇ ಒಂದು ಗಂಟೆ, ಅದು ದೇವರ ಪಟದ ಹಿಂದೆ ಇತ್ತು. ಹೋದ ಮೇಲೆ ಹೊಸ ಅಡ್ಡಿ ಎದುರಾಯಿತು. ಬೆಳೆ ಸಮೀಕ್ಷೆಯಲ್ಲಿ ಅವರ ಹೊಲಕ್ಕೆ ಹುರುಳಿ ಎಂದು ದಾಖಲಾಗಿತ್ತು! ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲನೆಯದಕ್ಕೆ. ಜೆರಾಕ್ಸ್, ಪೆಟ್ರೋಲ್, ಕಾಫಿ ಎಲ್ಲ ಸೇರಿ 340 ರೂಪಾಯಿ ಖರ್ಚು. ಸಂಜೆ ಐದರ ಹೊತ್ತಿಗೆ ಅರ್ಜಿ ತೆಗೆದುಕೊಂಡರು. ನೋಡಲು ಜನ ಬರುತ್ತಾರಂತೆ. ಇವತ್ತಿನ ತನಕ ಬಂದಿಲ್ಲ. ನೀವು ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಏನಿದೆ ಎಂದು ಬೇಸಾಯದ ನಡುವೆಯೇ ಒಮ್ಮೆ ನೋಡಿಕೊಳ್ಳಿ. ಫೋಟೊ ತೆಗೆಯುವಾಗ ತಾರೀಕು, ಜಾಗ ಬರುವ ಹಾಗೆ ತೆಗೆಯಿರಿ.

ಈಗ ದೊಡ್ಡವ್ವ ನಮ್ಮ ತಾರಸಿ ಮೇಲೇ ಉಳಿದ ರಾಗಿ ತೆನೆ ಹರಡಿದ್ದಾರೆ. ಅರ್ಧಕ್ಕರ್ಧ ಮೊಳಕೆ ಬಂದಿದೆ. ಅದನ್ನು ಬೇರೆ ಮಾಡಿ, ದನಕ್ಕಾಗುತ್ತದೆ ಎಂದು ಮೂಟೆ ಕಟ್ಟುತ್ತಿದ್ದಾರೆ. ನಮ್ಮ ನಿಂತ ರಾಗಿ ಇನ್ನೂ ಹೊಲದಲ್ಲೇ ಇದೆ.

ಮಧ್ಯಾಹ್ನ ಟಿವಿಯಲ್ಲಿ ಬಂತು, ಬಂಗಾಳ ಕೊಲ್ಲಿಯಲ್ಲಿ ಮತ್ತೊಂದು. ಮಾವ ಸೌಂಡ್ ಕಮ್ಮಿ ಮಾಡಿ ನನ್ನ ಕಡೆ ತಿರುಗಿದರು.

"ರಾಗಿ ಕುಯ್ದು, ಒಣಗ್ಸಿ, ಮೆದೆ ಹಾಕಕ್ಕೆ ನಾಲ್ಕು ದಿನ ಬೇಕು ಕಣವ್ವ. ಎಷ್ಟು ದಿನ ಬಿಸ್ಲು ಸಿಕ್ತದೆ ನೋಡು."

ಹಾಲಿನ ಪುಸ್ತಕ ಹುಡುಕುತ್ತಿದ್ದೇನೆ. ಭತ್ತದ ಕೆಳಗೆ ಎಲ್ಲೋ ಸೇರಿಕೊಂಡಿದೆ.